ಪಾರ್ಸೆಲ್ ಮಾಡಿದ ಸೌದೆ

ಗೋದಾಮಿನಲ್ಲಿ ಅವನನ್ನು ಎಲ್ಲರೂ ಪಾರ್ಸೆಲ್ ಎಂದೇ ಕರೆಯುತ್ತಿದ್ದರು. ಗಾಜಿನ ಲೋಟ, ಪಿಂಗಾಣಿ ತಟ್ಟೆ, ಕನ್ನಡಿ, ಹೀಗೆ ಮುಟ್ಟಿದರೆ ಮುರಿಯುವಂಥದ್ದನ್ನೆಲ್ಲ ಕಟ್ಟಿ ಊರೂರಿಗೆ ಕಳಿಸುವ ಕೆಲಸ ಅವನದು. ಅವನು ಕಟ್ಟಿದ ಪೆಟ್ಟಿಗೆಯೊಳಗೆ ಇರುವೆ ಹೋಗುವುದಿರಲಿ, ಇರುವೆಗೆ ಹೋಗಬೇಕೆಂಬ ಆಸೆಯೂ ಹುಟ್ಟುವುದಿಲ್ಲ ಎಂದು ಲಾರಿ ಡ್ರೈವರ್ ಹೇಳುತ್ತಿದ್ದ. ಪಾರ್ಸೆಲ್ ಇದನ್ನು ಹೊಗಳಿಕೆ ಎಂದೇ ತಿಳಿದಿದ್ದ. ಓದು ಅಷ್ಟಕ್ಕಷ್ಟೆ, ಹಾಡು ಬಾರದು, ಈಜು ಬಾರದು, ಮದುವೆಯ ಮಾತು ಎರಡು ಸಲ ಮನೆ ಬಾಗಿಲವರೆಗೆ ಬಂದು ಚಪ್ಪಲಿಯನ್ನೂ ಬಿಡದೆ ವಾಪಸು ಹೋಗಿತ್ತು. ಟೇಪು ಹಚ್ಚುವುದರಲ್ಲಾದರೂ ತನ್ನನ್ನು ಮೀರಿಸುವವರಿಲ್ಲ ಎಂಬ ಒಂದು ಹೆಮ್ಮೆ ಮನುಷ್ಯನಿಗೆ ಬೇಡವೇ?

ಮನೆಯಲ್ಲಿ ಅವನು ಮತ್ತು ಅಪ್ಪ, ಇಬ್ಬರೇ. ಎರಡು ಕೋಣೆ, ಅಡುಗೆಮನೆ, ಹಿಂದೊಂದು ಅಂಗಳ. ಮುಂದಿನ ಕೋಣೆಯ ಮೂಲೆಯಲ್ಲಿ ಕಬ್ಬಿಣದ ಒಲೆ, ಅದರ ಕೊಳವೆ ಗೋಡೆ ತೂರಿ ಹೊರಗೆ. ಚಳಿಗಾಲದಲ್ಲಿ ಮನೆ ಬೆಚ್ಚಗಾಗಲು ಅದೊಂದೇ ಗತಿ. ಅಪ್ಪ ಮೂವತ್ತು ವರ್ಷ ಒಂದು ದೊಡ್ಡ ಲಾಂಡ್ರಿಯಲ್ಲಿ ಬಾಯ್ಲರ್ ನೋಡಿಕೊಂಡವರು. ಈಗ ಕಿಟಕಿ ಪಕ್ಕದ ಮೇಜಿನ ಮೇಲೆ ಬೀದಿಯವರ ಕೆಟ್ಟ ಗಡಿಯಾರ, ಟಾರ್ಚು, ಇಸ್ತ್ರಿಪೆಟ್ಟಿಗೆ ಬಿಚ್ಚಿಕೊಂಡು ಕೂರುತ್ತಿದ್ದರು. ಸರಿಯಾದದ್ದು ಎಷ್ಟೋ, ಆಗದ್ದು ಎಷ್ಟೋ. ಆದರೆ ಬಂದವರು ಅರ್ಧ ಗಂಟೆ ಕೂತು ಹರಟೆ ಹೊಡೆಯದೆ ಏಳುತ್ತಿರಲಿಲ್ಲ.

ಹಿಂದಿನ ಚಳಿಗಾಲದಲ್ಲಿ ಪಾರ್ಸೆಲ್ ಜಾಣತನ ತೋರಿಸಲು ಹೋಗಿದ್ದ. ಕೆಡವಿದ ಹಳೇ ಕಟ್ಟಡವೊಂದರ ಬಾಗಿಲ ಚೌಕಟ್ಟುಗಳನ್ನು ಬಿಟ್ಟಿ ಸಿಕ್ಕಿತೆಂದು ಹೊತ್ತು ತಂದು ಉರಿಸಿದ. ಚೌಕಟ್ಟಿನ ಮೇಲೆ ಹಸಿರು ಬಣ್ಣ, ಅದರಡಿ ನೀಲಿ, ಅದರಡಿ ಇನ್ನೇನೋ. ಎರಡೇ ದಿನಕ್ಕೆ ಅಪ್ಪನಿಗೆ ಕೆಮ್ಮು ಹಿಡಿದು ಒಂದು ತಿಂಗಳು ಬಿಡಲಿಲ್ಲ. ಇನ್ನು ಇವರು ಹೊಗೆ ಕುಡಿಯಕೂಡದು ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಆ ಮಾತು ಅಕ್ಕನ ಕಿವಿಗೆ ಬಿತ್ತು.

ಅಕ್ಕ ಬೇರೆ ಊರಿನಲ್ಲಿ ಗಣಿತದ ಟೀಚರು. ಐದನೇ ಮಹಡಿಯ ಮನೆ, ಗುಂಡಿ ಒತ್ತಿದರೆ ಶಾಖ.

"ಈ ಸಲ ಚಳಿ ಶುರುವಾದ ಮೊದಲನೇ ಭಾನುವಾರ ಬರ್ತೀನಿ," ಎಂದಳು ಫೋನಿನಲ್ಲಿ. "ಒಲೆ ಹಚ್ಚಿ ಆ ಕೋಣೇಲಿ ಒಂದು ಗಂಟೆ ಕೂರ್ತೀನಿ. ನನ್ನ ಕಣ್ಣು ಉರಿದ್ರೆ, ಇಲ್ಲಾ ನನಗೆ ಚಳಿಯಾದ್ರೆ, ಅಪ್ಪನ್ನ ಅವತ್ತೇ ಕರ್ಕೊಂಡು ಹೋಗ್ತೀನಿ. ಬೇಸಿಗೆ ಬಂದ ಮೇಲೆ ವಾಪಸು."

"ಅಪ್ಪನ್ನ ಒಂದು ಮಾತು ಕೇಳ್ಬೇಡ್ವಾ ಅಕ್ಕ?"

"ಅವರ ಕೆಮ್ಮು ಕೇಳಿದ್ದೀನಿ, ಸಾಕು."

ಅಪ್ಪನಿಗೆ ಮಗಳ ಮೇಲೆ ಪ್ರೀತಿಯೇನೂ ಕಡಿಮೆಯಿರಲಿಲ್ಲ. "ಆದ್ರೆ ಅಲ್ಲಿ ಏನೂ ಕೆಡೋದೇ ಇಲ್ಲ ಕಣೋ," ಎಂದರು ಮೆಲ್ಲಗೆ. "ಬೆಳಗಿಂದ ಸಂಜೆವರೆಗೆ ನಾನು ಏನು ಬಿಚ್ಚಲಿ?" ಆ ದನಿ ಕೇಳಿ ಪಾರ್ಸೆಲ್‌ಗೆ ಬಣ್ಣದ ಚೌಕಟ್ಟುಗಳು ನೆನಪಾದವು. ಕೆಮ್ಮು ಬರಿಸಿದವನು ತಾನೇ. ಅಪ್ಪನನ್ನು ಇಲ್ಲೇ ಉಳಿಸಿಕೊಳ್ಳುವ ಹೊಣೆಯೂ ತನ್ನದೇ ಎಂದು ತೀರ್ಮಾನಿಸಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಗೋದಾಮಿನ ಬೀದಿಯಲ್ಲಿ ಗಾಳಿಗೆ ಒಂದು ದೊಡ್ಡ ಕೊಂಬೆ ಮುರಿದು ಬಿತ್ತು. ಕಡಿದು ತೆರವು ಮಾಡಲು ಬಂದ ನಗರಸಭೆಯ ಮೇಸ್ತ್ರಿಯ ಹತ್ತಿರ ಪಾರ್ಸೆಲ್ ಕೈಕಟ್ಟಿ ನಿಂತು ಕೇಳಿದ.

"ತಗೊಂಡು ಹೋಗಪ್ಪ, ನಮಗೂ ಸಾಗಿಸೋ ಕಷ್ಟ ತಪ್ಪುತ್ತೆ," ಎಂದ ಮೇಸ್ತ್ರಿ. "ಆದ್ರೆ ಬಿದ್ದಿರೋದು ಮಾತ್ರ. ನಿಂತಿರೋದರ ಮೇಲೆ ಕಣ್ಣು ಹಾಕೀಯ, ಜೋಕೆ!"

ಮಾಲೀಕರನ್ನು ಕೇಳಿ ಗೋದಾಮಿನ ಹಿತ್ತಿಲಲ್ಲಿ ಜಾಗ ಮಾಡಿಕೊಂಡ. ಒಂದು ವಾರ, ಕೆಲಸ ಮುಗಿದ ಮೇಲೆ ದಿನಾ ಒಂದು ಗಂಟೆ ಕೊಡಲಿ ಹಿಡಿದ. ಮೊದಲ ದಿನ ಸೌದೆಗಿಂತ ಅವನ ಅಂಗೈಯೇ ಹೆಚ್ಚು ಸೀಳಿತು. ಕೊನೆಗೆ ತುಂಡುಗಳನ್ನೆಲ್ಲ ಹಲಗೆಗಳ ಮೇಲೆ ಒಪ್ಪವಾಗಿ ಜೋಡಿಸಿದ. ಅಪ್ಪನಿಗೆ ಒಂದು ಮಾತೂ ಹೇಳಲಿಲ್ಲ. ಚಳಿ ಹತ್ತಿರ ಬಂದಾಗ ಒಮ್ಮೆಲೇ ತಂದು ಅಂಗಳದಲ್ಲಿ ಇಳಿಸಿ, ಅವರು ಬಾಯಿ ಬಿಡುವುದನ್ನು ನೋಡಬೇಕೆಂಬ ಆಸೆ.

ಆಮೇಲೆ ಅವನೊಳಗಿನ ಕಸುಬುದಾರ ಎದ್ದು ಕೂತ. ಮಳೆ ಬಂದರೆ? ಮಂಜು ಬಿದ್ದರೆ? ರಾಶಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿದ. ಒಂದು ಸುತ್ತು ಸಾಲದೆಂದು ನಾಲ್ಕು ಸುತ್ತು. ಮೂಲೆಗಳಿಗೆ ಟೇಪು, ಟೇಪಿನ ಮೇಲೆ ಟೇಪು, ಅಡಿಯನ್ನೂ ಬಿಡಲಿಲ್ಲ. ಕೈ ಸುಮ್ಮನಿರದೆ ಕೊನೆಗೊಂದು ಚೀಟಿಯನ್ನೂ ಅಂಟಿಸಿತು: 'ಎಚ್ಚರಿಕೆ, ಒಡೆಯುವ ವಸ್ತು'.

ಅಕ್ಕ ಗೊತ್ತುಮಾಡಿದ ಭಾನುವಾರಕ್ಕೆ ಇನ್ನು ಮೂರು ವಾರ ಇದೆ ಎನ್ನುವಾಗ ಲಾರಿ ಡ್ರೈವರ್ ಆ ಮೂಟೆಯನ್ನು ಅಂಗಳದಲ್ಲಿ ಇಳಿಸಿಕೊಟ್ಟ. ಅಪ್ಪ ಕನ್ನಡಕ ಏರಿಸಿಕೊಂಡು ಹೊರಗೆ ಬಂದರು. ಮೂಟೆಯ ಸುತ್ತ ಒಂದು ಸುತ್ತು ಹಾಕಿ ಚೀಟಿ ಓದಿದರು.

"ಏನೋ ಇದು?"

"ಸೌದೆ ಅಪ್ಪಾ! ಎರಡು ತಿಂಗಳು ಒಣಗಿರೋದು. ಒಂದು ಹನಿ ನೀರು ಒಳಗೆ ಹೋಗಿಲ್ಲ."

"ಒಳಗಿದ್ದ ನೀರು?"

ಪಾರ್ಸೆಲ್ ಚಾಕು ಹಾಕಿ ಹಾಳೆ ಸೀಳಿದ. ಒಳಗಿಂದ ನೆಲಮಾಳಿಗೆಯ ವಾಸನೆ ಬುಸ್ಸೆಂದು ಬಂತು. ಹಾಳೆಯ ಒಳಮೈಯೆಲ್ಲ ಬೆವರು. ತುಂಡುಗಳ ಮೇಲೆ ಬಿಳೀ ಬೂಷ್ಟು, ಒಂದರ ಕಿವಿಯಲ್ಲಿ ಮೂರು ಪುಟ್ಟ ಅಣಬೆ ಛತ್ರಿ ಬಿಚ್ಚಿಕೊಂಡು ನಿಂತಿದ್ದವು. ಅಪ್ಪ ಎರಡು ತುಂಡು ತೆಗೆದು ಒಂದಕ್ಕೊಂದು ತಟ್ಟಿದರು. ದಬ್ ಎಂದಿತು, ಒದ್ದೆ ಹಾಸಿಗೆಗೆ ಗುದ್ದಿದ ಹಾಗೆ.

"ಕಟ್ಟಿರೋದೇನೋ ಚೆನ್ನಾಗಿದೆ," ಎಂದರು ಅಪ್ಪ. "ವಿಳಾಸ ಬರೆಯೋದೊಂದು ಮರೆತಿದ್ದೀಯ."

ಡ್ರೈವರ್ ನಗು ತಡೆಯಲಾರದೆ ಲಾರಿ ಹತ್ತಿದ. ಪಾರ್ಸೆಲ್‌ಗೆ ನೆಲ ಬಾಯಿ ಬಿಟ್ಟರೆ ಇಳಿದು ಹೋಗೋಣ ಅನ್ನಿಸಿತು. "ಎಲ್ಲ ಹಾಳಾಯ್ತಾ ಅಪ್ಪಾ?"

"ಯಾಕೆ ಹಾಳಾಗುತ್ತೆ? ಇದು ಮುಂದಿನ ವರ್ಷದ್ದು, ಅಷ್ಟೆ. ಹಸಿ ಸೌದೆಗೆ ಗಾಳಿ ಬೇಕು ಮಗಾ. ಕೆಳಗೆ ಇಟ್ಟಿಗೆ ಕೊಡು, ಗೋಡೆಯಿಂದ ದೂರ ಇಡು, ತಲೆ ಮೇಲೊಂದು ತಗಡು ಹಾಕು. ಪಕ್ಕ ಎಲ್ಲ ತೆರೆದಿರಲಿ."

"ಈ ವರ್ಷಕ್ಕೆ?"

ಅಪ್ಪ ಒಳಗೆ ಹೋದರು. ಮೇಜಿನ ಮುಂದೆ ಕೂತು, ಬಿಚ್ಚಿಟ್ಟ ಗಡಿಯಾರವನ್ನು ಮುಟ್ಟದೆ ಸುಮ್ಮನೆ ನೋಡುತ್ತಿದ್ದರು.

ಮರುದಿನವೇ ಅಪ್ಪನ ಜೊತೆ ಸೌದೆ ಅಂಗಡಿಗಳನ್ನು ಸುತ್ತಿದ. ಅಪ್ಪ ಎಲ್ಲಿ ಹೋದರೂ ಎರಡು ತುಂಡು ಎತ್ತಿ ತಟ್ಟಿ, ಕಿವಿಗೊಟ್ಟು ಕೇಳಿ, ತಲೆಯಾಡಿಸಿ ಕೆಳಗಿಡುತ್ತಿದ್ದರು. ಮೂರನೇ ಅಂಗಡಿಯವನಿಗೆ ತಾಳ್ಮೆ ತಪ್ಪಿತು. "ಯಜಮಾನ್ರೇ, ನಾನು ಮಾರೋದು ಸೌದೆ, ವಾದ್ಯ ಅಲ್ಲ!" ಒಣಗಿದ ಮಾಲು ಅವನ ಹತ್ತಿರ ಇರಲಿಲ್ಲವೆಂದಲ್ಲ. ಇತ್ತು, ಆದರೆ ಅದರ ಬೆಲೆ ಕೇಳಿದರೇ ಮೈ ಬಿಸಿಯಾಗಿ ಒಲೆ ಬೇಡವೆನಿಸುತ್ತಿತ್ತು.

ಎರಡನೇ ವಾರ ನೆರೆಮನೆಯ ಬಡಗಿ ಸುತ್ತಿಗೆಯೊಂದನ್ನು ತಂದುಕೊಟ್ಟ. ಹಿಡಿ ಸಡಿಲವಾಗಿತ್ತು. ಅಪ್ಪ ಅದನ್ನು ತಿರುಗಿಸಿ ನೋಡುತ್ತಾ ಇದ್ದಕ್ಕಿದ್ದ ಹಾಗೆ ಮಗನನ್ನು ಕೂಗಿದರು.

"ಹಸಿ ಮರದಲ್ಲಿ ಹಿಡಿ ಮಾಡಿದ್ರೆ ಏನಾಗುತ್ತೆ ಹೇಳು."

"ಆಮೇಲೆ ಒಣಗಿ ಸಣ್ಣಗಾಗುತ್ತೆ. ಸುತ್ತಿಗೆ ತಲೆ ಹಾರಿ ಹೋಗುತ್ತೆ."

"ಅದಕ್ಕೇ ಒಳ್ಳೆ ಹಿಡಿ ಮಾಡೋರು ಮರಾನ ವರ್ಷಗಟ್ಟಲೆ ಒಣಗಿಸ್ತಾರೆ. ಅವರ ಹತ್ತಿರ ಕೊಯ್ದು ಬಿಸಾಕೋ ತುಂಡೂ ಒಣಗಿದ್ದೇ. ನಡಿ, ಚಪ್ಪಲಿ ಹಾಕ್ಕೋ."

ರೈಲು ಹಳಿಯ ಆಚೆಗೆ ಹಿಡಿ ಮಾಡುವ ಒಂದು ಸಣ್ಣ ಕಾರ್ಖಾನೆ ಇತ್ತು. ಸುತ್ತಿಗೆ, ಗುದ್ದಲಿ, ಕೊಡಲಿ, ಎಲ್ಲದರ ಹಿಡಿಯೂ ಅಲ್ಲಿ. ಒಡತಿಗೆ ಅಪ್ಪನ ಅರ್ಧ ವಯಸ್ಸು, ಹುಬ್ಬಿನ ತುಂಬ ಮರದ ಪುಡಿ. ಹಿಂದಿನ ಗೋಡೆಗೆ ಒರಗಿ ಮೊಳದುದ್ದದ ತುಂಡುಗಳ ರಾಶಿ. ಅಪ್ಪ ಎರಡು ಎತ್ತಿ ತಟ್ಟಿದರು. ಟಣ್! ಅಪ್ಪನ ಮುಖದ ಮೇಲೆ ಬೆಳಕು ಬಂತು.

"ಕೊಡಲ್ಲ," ಎಂದಳು ಒಡತಿ, ಕೇಳುವ ಮೊದಲೇ. "ಹೋದ ವರ್ಷ ಒಬ್ಬನಿಗೆ ಕೊಟ್ಟಿದ್ದೆ. ವಾರ್ನಿಷ್ ಹಚ್ಚಿದ್ದು, ಅಂಟು ಹಾಕಿದ್ದು, ಎಲ್ಲ ಸೇರಿಸಿ ಉರಿಸಿದ. ಅವನ ಬೀದಿಯೋರೆಲ್ಲ ಮೂಗು ಮುಚ್ಕೊಂಡು ನನ್ನ ಹತ್ರ ಜಗಳಕ್ಕೆ ಬಂದ್ರು."

ಪಾರ್ಸೆಲ್‌ಗೆ ಹಸಿರು ಬಣ್ಣದ ಚೌಕಟ್ಟು ಕಣ್ಣ ಮುಂದೆ ಬಂತು. ಮುಖ ತಪ್ಪಿಸಿ ಆಚೆ ನೋಡಿದ. ನೋಡಬಾರದಿತ್ತು. ಮೂಲೆಯಲ್ಲಿ ಹೊಸ ಹಿಡಿಗಳನ್ನು ಗೋಣಿಯಲ್ಲಿ ಸುತ್ತಿ ಹಗ್ಗ ಬಿಗಿದಿದ್ದರು. ಒಂದಕ್ಕೊಂದು ಉಜ್ಜಿ ಮೈಯೆಲ್ಲ ಗೀರು.

"ಇದನ್ನ ಯಾವ ಪುಣ್ಯಾತ್ಮ ಕಟ್ಟಿದ್ದು?" ಎಂದುಬಿಟ್ಟ.

"ನಾನೇ. ಯಾಕೆ?"

ಅಪ್ಪ ಕಣ್ಣು ಮುಚ್ಚಿಕೊಂಡರು. ಆದರೆ ಪಾರ್ಸೆಲ್‌ನ ನಾಲಿಗೆಗಿಂತ ಕೈ ಮುಂದಿತ್ತು. ಹಳೇ ರಟ್ಟು ಹರಿದು ಪಟ್ಟಿ ಮಾಡಿ, ಒಂದು ಹಿಡಿಯ ತಲೆ ಇನ್ನೊಂದರ ಬುಡಕ್ಕೆ ಬರುವ ಹಾಗೆ ಮಲಗಿಸಿ, ನಡುವೆ ಪಟ್ಟಿ ಕೊಟ್ಟು ಹನ್ನೆರಡನ್ನು ಕಟ್ಟಿ ಅವಳ ಮುಂದಿಟ್ಟ. ಒಡತಿ ಅದನ್ನು ಎತ್ತಿ ಅಲುಗಾಡಿಸಿದಳು, ಸದ್ದಿಲ್ಲ. ನೆಲಕ್ಕೆ ಕುಕ್ಕಿದಳು, ಬಿಚ್ಚಿದಳು. ಗೀರೂ ಇಲ್ಲ.

"ಗೀರು ಬಿತ್ತು ಅಂತ ಹೋದ ತಿಂಗಳು ಅರ್ಧ ಮಾಲು ವಾಪಸು ಬಂತು," ಎಂದಳು, ಸ್ವಲ್ಪ ದನಿ ಇಳಿಸಿ.

"ಪ್ರತಿ ಶನಿವಾರ ಮಧ್ಯಾಹ್ನ ಬಂದು ನಾನೇ ಕಟ್ಟಿಕೊಡ್ತೀನಿ ಮೇಡಂ. ನನಗೆ ಈ ತುಂಡು ಕೊಡಿ ಸಾಕು."

"ವಾರ್ನಿಷ್?"

ಉತ್ತರ ಕೊಟ್ಟವರು ಅಪ್ಪ. ಆಗಲೇ ರಾಶಿಯ ಪಕ್ಕ ಮಗುಚಿದ ಡಬ್ಬದ ಮೇಲೆ ಕೂತು ಆರಿಸತೊಡಗಿದ್ದರು. ಬರೀ ಮರ ಬಲಕ್ಕೆ. ಬಣ್ಣ, ಅಂಟು, ವಾರ್ನಿಷ್ ತಾಗಿದ್ದು ಎಡಕ್ಕೆ. ಅನುಮಾನ ಬಂದದ್ದನ್ನು ಮೂಸಿ ನೋಡಿ ಅದನ್ನೂ ಎಡಕ್ಕೆ. "ಎಡಗಡೇದು ಒಂದೂ ನಮ್ಮ ಚೀಲಕ್ಕೆ ಬರಲ್ಲ ತಾಯಿ," ಎಂದರು ತಲೆಯೆತ್ತದೆ. "ಆ ಹೊಗೆ ಏನು ಮಾಡುತ್ತೆ ಅಂತ ಈ ಎದೆಗೆ ಗೊತ್ತು." ಒಡತಿ ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ಒಳಗಿಂದ ನಾಲ್ಕು ಖಾಲಿ ಚೀಲ ತಂದು ಅವರ ಪಕ್ಕ ಹಾಕಿದಳು.

ಅಕ್ಕ ಹೇಳಿದ ಭಾನುವಾರಕ್ಕೆ ಸರಿಯಾಗಿ ಬಂದಳು, ಕೈಯಲ್ಲಿ ಅಪ್ಪನ ಬಟ್ಟೆಗೆಂದು ಖಾಲಿ ಸೂಟ್‌ಕೇಸು. ಮೊದಲು ಬೀದಿಯಲ್ಲೇ ನಿಂತು ಕೊಳವೆಯ ತುದಿ ನೋಡಿದಳು. ಹೊಗೆ ಕಾಣಿಸದೆ, "ಒಲೆ ಹಚ್ಚಿಲ್ವಾ ಇನ್ನೂ?" ಎಂದಳು.

"ಹಚ್ಚಿ ಅರ್ಧ ಗಂಟೆ ಆಯ್ತು," ಎಂದ ಪಾರ್ಸೆಲ್.

ಒಳಗೆ ಬಂದು ಕುರ್ಚಿ ಎಳೆದುಕೊಂಡು ವಾಚು ನೋಡಿದಳು. ಪಾರ್ಸೆಲ್ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಗಾಬರಿಗೆ ಅವನ ಕೈ ಮತ್ತೆ ಮತ್ತೆ ತುಂಡುಗಳ ಕಡೆ ಹೋಗುತ್ತಿತ್ತು. "ತುರುಕಬೇಡ," ಎಂದರು ಅಪ್ಪ ಸ್ಕ್ರೂ ಬಿಚ್ಚುತ್ತಾ. "ಎರಡೇ ಹಾಕು. ಉರಿದು ಕೆಂಡ ಆದ್ಮೇಲೆ ಇನ್ನೆರಡು." ಹತ್ತು ನಿಮಿಷಕ್ಕೆ ಅಕ್ಕ ಶಾಲು ತೆಗೆದಳು. ಇಪ್ಪತ್ತೈದಕ್ಕೆ ಸ್ವೆಟರಿನ ಗುಂಡಿ ಬಿಚ್ಚಿದಳು. ನಡುವೆ ಬೀದಿಯವರೊಬ್ಬರು ಇಸ್ತ್ರಿಪೆಟ್ಟಿಗೆ ತಂದು, ಗಂಡನ ಅಂಗಿ ಸುಟ್ಟ ಕಥೆ ಹೇಳಿ ಟೀ ಕುಡಿಯುತ್ತಿದ್ದ ಅಪ್ಪನನ್ನು ನಗಿಸಿದರು. ನಗುನಗುತ್ತಾ ಅಪ್ಪ ಕೆಮ್ಮಿಬಿಟ್ಟರು.

ಅಕ್ಕ ಎದ್ದು ನಿಂತಳು.

"ಟೀ ನೆತ್ತಿಗೇರಿತು ಕಣೇ," ಎಂದರು ಅಪ್ಪ, ಕಣ್ಣೊರೆಸಿಕೊಂಡು. "ನಗೋದೂ ತಪ್ಪಾ?"

ಅಕ್ಕ ಅವರ ಬೆನ್ನ ಮೇಲೆ ಕೈಯಿಟ್ಟು ಕಾದಳು. ಒಂದು ನಿಮಿಷ, ಎರಡು, ಮೂರು. ಮತ್ತೆ ಕೆಮ್ಮಲಿಲ್ಲ. ವಾಚಿನಲ್ಲಿ ಗಂಟೆ ತುಂಬಿ ಮೇಲೆ ಹತ್ತು ನಿಮಿಷವಾಗಿತ್ತು. ಅದನ್ನು ಅವಳೂ ಗಮನಿಸಿರಲಿಲ್ಲ.

"ಸರಿ. ಈ ಚಳಿಗೆ ಇಲ್ಲೇ ಇರಿ," ಎಂದಳು. "ತಿಂಗಳಿಗೊಂದು ಸಲ ಬಂದು ನೋಡ್ತೀನಿ. ಅವನ ಮೇಲೆ ನನಗಿನ್ನೂ ನಂಬಿಕೆ ಇಲ್ಲ."

"ನನಗೂ ಇಲ್ಲ ಅಕ್ಕಾ," ಎಂದ ಪಾರ್ಸೆಲ್, ಕಿವಿಯವರೆಗೆ ಹಲ್ಲು ಕಿರಿಯುತ್ತಾ.

"ಅದೆಲ್ಲ ಇರಲಿ, ಈಗ ಸ್ವಲ್ಪ ಪಕ್ಕಕ್ಕೆ ಸರಿಯಮ್ಮ," ಎಂದರು ಅಪ್ಪ. "ಒಲೆಗೆ ಅಡ್ಡ ಗೋಡೆ ಥರ ನಿಂತಿದ್ದೀಯ."

ಅಕ್ಕ ಸರಿಯಲಿಲ್ಲ. ಎರಡೂ ಅಂಗೈಯನ್ನು ಹಿಂದಕ್ಕೆ ಚಾಚಿ ಒಲೆಗೆ ಹಿಡಿದಳು. "ಇರಿ ಅಪ್ಪಾ, ನಾನೂ ಸ್ವಲ್ಪ ಕಾಯಿಸ್ಕೋತೀನಿ," ಎಂದು, ತಮ್ಮನಿಗೆ ಇನ್ನೆರಡು ತುಂಡು ಹಾಕುವಂತೆ ಗಲ್ಲದಲ್ಲೇ ಸನ್ನೆ ಮಾಡಿದಳು.