ಆನೆಸಾಲು ಮುಟ್ಟಿದ ನೀರು

ಶಕುನ, ಮುನ್ಸೂಚನೆಗಳ ವಿರುದ್ಧ ನಾನು ಹೈದರಾಬಾದಿನ ಕಾಲೇಜಿನಲ್ಲಿ ಎಷ್ಟೋ ಸಲ ವಾದಿಸಿ ಗೆದ್ದವನು. ಪುರಾವೆ ತನ್ನಿ ಎಂದೊಡನೆ ಎದುರಾಳಿಯ ಬಾಯಿ ಕಟ್ಟುತ್ತಿತ್ತು. ಈಗ ಹೇಳುವುದಕ್ಕೆ ನನ್ನ ಬಳಿಯೂ ಪುರಾವೆಯಿಲ್ಲ. ನೀವು ನಂಬದಿದ್ದರೆ ನಾನು ನಿಮ್ಮ ಪಕ್ಷವೇ.

ಗಂಗಾವತಿ ತಾಲ್ಲೂಕಿನ ನಮ್ಮ ಊರು ತುಂಗಭದ್ರೆಯ ದಂಡೆಯಲ್ಲಿದೆ. ಹೊಳೆಗೆ ಹತ್ತಿಕೊಂಡೇ ಒಂದು ಹಾಳುಗುಡಿ. ಅದರ ತಳಗಟ್ಟಿನಲ್ಲಿ ಸಾಲಾಗಿ ಕೆತ್ತಿದ ಆನೆಗಳು. ಅಂಬಿಗರಿಗೆ ಅದೇ ಅಳತೆ. ನೀರು ಆನೆಗಳ ಕಾಲು ಮುಟ್ಟಿತೆಂದರೆ ಯಾರು ಬೇಡಿಕೊಂಡರೂ ಹರಗೋಲು ಬಿಡುವುದಿಲ್ಲ. ಆ ಗುಡಿಯನ್ನು ನಮ್ಮ ಸಾಲೆಯ ಡ್ರಾಯಿಂಗ್ ಮಾಸ್ತರರು ಒಂದು ಬೇಸಿಗೆಯಲ್ಲಿ ಬಣ್ಣದಲ್ಲಿ ಬರೆದು, ಗಾಜು ಹಾಕಿಸಿ ನಮಗೆ ಕೊಟ್ಟಿದ್ದರು. ಚಿತ್ರದಲ್ಲಿ ಹೊಳೆ ಬತ್ತಿ ದೂರ ಸರಿದಿತ್ತು. ಆನೆಗಳ ಉಗುರುಗಳನ್ನೂ ಎಣಿಸಬಹುದಿತ್ತು.

ಹೊಸದಾಗಿ ಮದುವೆಯಾಗಿದ್ದ ತಂಗಿ ಆಷಾಢಕ್ಕೆಂದು ತವರಿಗೆ ಬಂದಿದ್ದಳು. ಅವಳ ಗಂಡನಿಗೆ ವಿಷಮಜ್ವರ, ಕೂಡಲೇ ಕಳಿಸಿ ಎಂದು ಆಚೆ ದಂಡೆಯಿಂದ ಚೀಟಿ ಬಂತು. ಅವಳನ್ನು ಹೊಳೆಗೆ ಮುಟ್ಟಿಸಿ, ಮರೆತ ಬಟ್ಟೆಗಂಟು ತರಲು ನಾನು ಮನೆಗೆ ಓಡಿಬಂದೆ. ನಡುಮಧ್ಯಾಹ್ನ. ಪಡಸಾಲೆಯ ಗೋಡೆಗೆ ತೂಗುಹಾಕಿದ್ದ ಆ ಚಿತ್ರದಲ್ಲಿ ಕೆಂಪು ನೀರು ಆನೆಗಳ ಹೊಟ್ಟೆ ಮುಟ್ಟಿತ್ತು.

ಗಾಜನ್ನು ಧೋತರದ ಚುಂಗಿನಿಂದ ಒರೆಸಿದೆ. ಚಿತ್ರವನ್ನು ಇಳಿಸಿ ಅಂಗಳದ ಬಿಸಿಲಿಗೆ ಒಯ್ದು ನೋಡಿದೆ. ಅಲ್ಲಿಯೂ ಹಾಗೆಯೇ. ಗಂಟು ಅಲ್ಲೇ ಬಿಟ್ಟು ಓಡಿದೆ.

ಹೊಳೆ ಶಾಂತವಾಗಿತ್ತು. ತಂಗಿ ಆಗಲೇ ಹರಗೋಲಿನಲ್ಲಿ ಕೂತಿದ್ದಳು.

"ಇಳಿ, ನೀರು ಬರಾಕತ್ತೈತಿ" ಎಂದೆ.

ಅಂಬಿಗ ನಕ್ಕ. "ಆನಿ ಕಾಲು ಒಣಗೇ ಅದಾವಲ್ರಿ ಧಣಿ! ಕಾಲೇಜಿನಾಗ ಹೊಳಿ ನೋಡೂದೂ ಕಲಸ್ತಾರೇನು?"

"ಅಣ್ಣಾ, ನಿನ್ನ ವಾದ ಆಮ್ಯಾಲ ಮಾಡಂತಿ. ಅವರು ನನ್ನ ದಾರಿ ನೋಡಾಕತ್ತಾರ, ಕೈ ಬಿಡು" ಎಂದಳು ತಂಗಿ.

ಬಿಡಲಿಲ್ಲ. ಮೂರು ಕಾರಣ ಕೊಟ್ಟೆ, ಮೂರೂ ಸುಳ್ಳು. ಕೊನೆಗೆ ರಟ್ಟೆ ಹಿಡಿದು ಎಳೆದು ಇಳಿಸಿದೆ. ಅವಳು ಅಳುತ್ತ ನನ್ನ ಎದೆಗೆ ಗುದ್ದಿದಳು. ಅಂಬಿಗ ಬೇಸತ್ತು ಬೀಡಿ ಹಚ್ಚಿದ. ಅವನ ಎರಡನೆಯ ಬೀಡಿ ಮುಗಿಯುವ ಹೊತ್ತಿಗೆ ಹೊಳೆಯ ಮೇಲ್ಗಡೆಯಿಂದ ನೀರಿನ ಸದ್ದು ಕೇಳಿಸಿತು. ನೋಡನೋಡುತ್ತಿದ್ದಂತೆ ಕೆಂಪು ನೀರು ಆನೆಸಾಲನ್ನು ನುಂಗಿತು. ಹರಗೋಲು ಹಗ್ಗ ಹರಿದುಕೊಂಡು ಹೋಯಿತು.

ಮನೆಗೆ ಬಂದು ನೋಡಿದರೆ, ಅಂಗಳದಲ್ಲಿ ಬಿದ್ದಿದ್ದ ಚಿತ್ರದಲ್ಲಿ ಅದೇ ಬತ್ತಿದ ಹೊಳೆ.

ಮಹಾಪೂರ ಇಳಿದು ತಂಗಿ ಆಚೆ ದಾಟಿದ್ದು ಐದನೆಯ ದಿನ. ಗಂಡನನ್ನು ಹಿಂದಿನ ದಿನವೇ ಮಣ್ಣು ಮಾಡಿದ್ದರು.

ಬಿಸಿಲಿಗೆ ಕಣ್ಣು ಮಂಕಾಗಿತ್ತು ಎನ್ನಿ, ಹೆದರಿದ್ದೆ ಎನ್ನಿ, ಎಲ್ಲವನ್ನೂ ನಾನೇ ನನ್ನೆದುರು ವಾದಿಸಿ ಸೋತಿದ್ದೇನೆ. ಎರಡು ಬೀಡಿ ಸೇದುವ ಹೊತ್ತಿನಲ್ಲಿ ಹರಗೋಲು ಹೆಚ್ಚುಕಡಿಮೆ ಹೊಳೆ ದಾಟುತ್ತದೆ. ಅವಳು ನಡುನೀರಿನಲ್ಲಿ ಸಿಕ್ಕುತ್ತಿದ್ದಳೋ, ಆಚೆ ದಂಡೆಗೆ ಕಾಲಿಟ್ಟಿರುತ್ತಿದ್ದಳೋ, ನನಗೆ ತಿಳಿಯದು.

ವರ್ಷಗಳ ಮೇಲೆ ಒಂದೇ ಸಲ ಕೇಳಿದಳು: "ಅವತ್ತು ನಿನಗ ಹೆಂಗ ಗೊತ್ತಾತು, ಅಣ್ಣಾ?"

ಇದ್ದದ್ದು ಇದ್ದಂತೆ ಹೇಳಿದೆ.

"ಇದರಕಿಂತ ಸುಳ್ಳ ಹೇಳಿದ್ರ ಛಲೋ ಇತ್ತು" ಎಂದು ಎದ್ದುಹೋದಳು.