ಸಾಹುಕಾರನ ಕಾರಿನ ಡೊಂಕು ಪಟ್ಟಿ

ನಮ್ಮ ರಾಯಚೂರಿನ ಬಿಸಿಲಿಗೆ ಮನುಷ್ಯರೇ ಬಾಡುತ್ತಾರೆ, ಇನ್ನು ಪ್ಲಾಸ್ಟಿಕ್ಕಿನ ಪಾಡೇನು? ಇಷ್ಟೂ ತಿಳಿಯದ ಹತ್ತಿ ಸಾಹುಕಾರನೊಬ್ಬನ ಕಾರನ್ನು ಎಂಬತ್ತರ ದಶಕದ ಮೊದಲಲ್ಲಿ ನನ್ನ ಗಂಡ ಓಡಿಸುತ್ತಿದ್ದ. ಸಾಹುಕಾರನ ಬಂಗಲೆಯ ಹಿಂದಿನ ಕೋಣೆಯೇ ನಮ್ಮ ಮನೆ. ನೌಕರಿ ಹೋದರೆ ಮನೆಯೂ ಹೋಗುವ ಹಾಗೆ ಕಟ್ಟಿಹಾಕಿದ್ದ, ಮಹಾ ಧರ್ಮಾತ್ಮ.

ಕಾರು ವಿಲಾಯತಿಯದು, ಹೈದರಾಬಾದಿನ ಯಾವುದೋ ನವಾಬರ ಮನೆಯಿಂದ ಕೊಂಡದ್ದು. ಸಾಹುಕಾರನಿಗೆ ಅದರಲ್ಲಿ ಕೂತು ಹೋಗುವುದಕ್ಕಿಂತ, ಅದನ್ನು ನಿಲ್ಲಿಸಿ ಜನರ ಕಣ್ಣು ಅದರ ಮೇಲೆ ಬೀಳುವುದನ್ನು ನೋಡುವ ಚಟ. ಮಾನ್ವಿಯಲ್ಲಿ ಯಾರದೋ ಹೊಸ ಅಂಗಡಿಯ ಪೂಜೆಗೆ ಹೋದಾಗ ನನ್ನ ಗಂಡ ಕಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದ್ದನಂತೆ. ಅಲ್ಲಿದ್ದರೆ ಯಾರಿಗೆ ಕಾಣುತ್ತದೆ ಎಂದು ಸಾಹುಕಾರ ಬೈದು, ಪೆಂಡಾಲಿನ ಎದುರಿಗೆ, ಸುಡುಬಿಸಿಲಿಗೆ ತರಿಸಿದ. ಊಟ ಮುಗಿಸಿ ಬರುವಷ್ಟರಲ್ಲಿ ಮುಂದಿನ ಗಾಜಿನ ಕೆಳಗಿದ್ದ ಉದ್ದನೆಯ ಕಪ್ಪು ಪ್ಲಾಸ್ಟಿಕ್ ಪಟ್ಟಿ ಹಪ್ಪಳದ ಹಾಗೆ ಎದ್ದು ಕೂತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ತಪ್ಪೆಲ್ಲ ಡ್ರೈವರನದಾಯಿತು. ಅಂಥ ಪಟ್ಟಿ ಹೈದರಾಬಾದಿನಲ್ಲೂ ಸಿಗುವುದಿಲ್ಲ. ಅಮಾವಾಸ್ಯೆಯೊಳಗೆ ನೆಟ್ಟಗೆ ಮಾಡು, ಇಲ್ಲವೇ ಕೋಣೆ ಖಾಲಿ ಮಾಡು ಎಂದ.

ನನ್ನ ಗಂಡ ಪಟ್ಟಿಯನ್ನು ಬಿಚ್ಚಿ ತಂದು ಸ್ಟೋವಿನ ಉರಿಗೇ ಹಿಡಿದ. ಅದರ ತುದಿ ಕರಗತೊಡಗಿ ಕೋಣೆ ತುಂಬ ನಾತ. ನಾನು ಕಸಿದುಕೊಂಡೆ. ಹಿಂದೊಮ್ಮೆ ಡೊಂಕಾದ ಪ್ಲಾಸ್ಟಿಕ್ ತಟ್ಟೆಯನ್ನು ಬಿಸಿನೀರಿಗೆ ಹಾಕಿ ಸರಿಮಾಡಿದವಳು ನಾನು. ಕುದಿಯುವ ನೀರಿನಲ್ಲಿ ಟವೆಲ್ಲು ಅದ್ದಿ, ಹಿಂಡಿ, ಪಟ್ಟಿಗೆ ಸುತ್ತಿದೆ. ಆರಿದಂತೆಲ್ಲ ಮತ್ತೆ ಸುತ್ತಿದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ಮೆತ್ತಗಾದ ಮೇಲೆ ಎರಡು ಹಲಗೆಗಳ ನಡುವೆ ಇಟ್ಟು ಜೋಳದ ಚೀಲ ಹೇರಿದೆ. ಇವನಿಗೋ ಗಳಿಗೆಗೊಮ್ಮೆ ಎತ್ತಿ ನೋಡುವ ಆತುರ. ಬಿಸಿಯಿರುವಾಗ ಎತ್ತಿದರೆ ಮತ್ತೆ ಸೊಟ್ಟಗಾಗುತ್ತದೆ, ಮುಟ್ಟಿದರೆ ಇವತ್ತು ರೊಟ್ಟಿಯಿಲ್ಲ ಎಂದು ಚೀಲದ ಮೇಲೆ ನಾನೇ ಕೂತೆ. ಪೂರ್ತಿ ತಣ್ಣಗಾದ ಮೇಲೆ ತೆಗೆದರೆ ಪಟ್ಟಿ ನೆಟ್ಟಗಿತ್ತು.

ಕಾರಿಗೆ ಮತ್ತೆ ಕೂರಿಸಿದ ಪಟ್ಟಿಯ ಮೇಲೆ ಸಾಹುಕಾರ ಬೆರಳಾಡಿಸಿ ಒಳಗೆ ಹೋದ. ಬಂದವರ ಮುಂದೆ ಮಾತ್ರ, ಹೈದರಾಬಾದಿನಿಂದ ಮೇಸ್ತ್ರಿಯನ್ನು ಕರೆಸಿದ್ದೆ ಎಂದು ಕೊಚ್ಚಿಕೊಂಡ. ಬಾಯಲ್ಲ ಅದು, ಬಚ್ಚಲು.

ಮುಂದಿನ ವಾರ ದೇವದುರ್ಗದಲ್ಲಿ ಅವನ ಬೀಗರ ಮನೆಯ ಮದುವೆ. ಮತ್ತೆ ಕಾರು ಪೆಂಡಾಲಿನ ಎದುರಿಗೆ, ಮತ್ತೆ ಬಿಸಿಲಿಗೆ. ಸಂಜೆ ಮನೆಗೆ ಬಂದ ಗಂಡನ ಗುರುತೇ ಸಿಗಲಿಲ್ಲ. ಮುಖ ಕಮರಿಹೋಗಿತ್ತು, ತುಟಿ ಒಡೆದು ರಕ್ತ ಬಂದಿತ್ತು. ಪಟ್ಟಿ ಉಳಿಯಲೆಂದು ಇವನು ಗಾಜಿನ ಮೇಲೆ ಬಟ್ಟೆ ಹಾಸಿದರೆ, ಕಾರಿನ ಅಂದ ಕೆಡುತ್ತದೆಂದು ಸಾಹುಕಾರ ಕಿತ್ತೆಸೆದನಂತೆ. ಆಮೇಲೆ ಇವನು ಊಟಕ್ಕೂ ಹೋಗದೆ, ತಾನು ಬಿಸಿಲಲ್ಲಿ ನಿಂತು, ಗಾಜಿನ ಮೇಲೆ ಕೊಡೆ ಹಿಡಿದುಕೊಂಡಿದ್ದ. ಅದು ಸಾಹುಕಾರನಿಗೆ ಬಹಳ ಹಿಡಿಸಿತಂತೆ. ಹಿಡಿಸದೆ ಏನು? ಕಾರಿಗೂ ಕೊಡೆ ಹಿಡಿಯುವ ಆಳಿದ್ದಾನೆ ಎಂದು ಊರೆಲ್ಲ ನೋಡಿತಲ್ಲ.

“ಸಾಹುಕಾರ್ರು ಶಾಬಾಸ್ ಅಂದ್ರು. ಇನ್ಮ್ಯಾಲ ಎಲ್ಲಿ ಹೋದ್ರೂ ಹಿಂಗ ಹಿಡಿ ಅಂದಾರ,” ಎಂದು ಒಡೆದ ತುಟಿಯಲ್ಲೇ ನಕ್ಕ.

ಆ ನಗು ನೋಡಿ ಸಾಹುಕಾರನ ಮೇಲೆ ಎಷ್ಟು ಸಿಟ್ಟೋ ಇವನ ಮೇಲೂ ಅಷ್ಟೇ ಬಂತು. ಬೆಳಗಾದ ಕೂಡಲೇ ಗಂಟುಮೂಟೆ ಕಟ್ಟಿದೆ. ಹಿರೇಕೊಟ್ನೆಕಲ್ಲಿನಲ್ಲಿ ನಮ್ಮವ್ವನ ಮನೆಯ ಪಡಸಾಲೆಯಾದರೂ ಇತ್ತು. ಬೇಡ ಬೇಡ ಎನ್ನುತ್ತಲೇ ಇವನು ಗಂಟು ಹೊತ್ತು ಹಿಂದೆ ಬಂದ. ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಸಾಹುಕಾರನ ಮುಂದೆ ಕೋಣೆಯ ಕೀಲಿ ಇಟ್ಟೆ. ಪಟ್ಟಿ ನೆಟ್ಟಗಾಯಿತಲ್ಲ, ಈಗ ಕೋಣೆ ಬಿಡು ಅಂದವರು ಯಾರು ಎಂದ.

“ಕಾರು ನಿಮ್ದದ. ಬಿಸಿಲಾಗ ನೀವ ನಿಂದರ್ರಿ,” ಎಂದೆ.

ನನ್ನ ಗಂಡ ತಲೆ ಎತ್ತಲಿಲ್ಲ. ಆದರೆ ಹೊತ್ತ ಗಂಟನ್ನು ಕೆಳಗಿಳಿಸಲೂ ಇಲ್ಲ.