ದಿವಾಕರನಿಗೆ ಸಿಗದ ಎರಡನೆಯ ಬೇಸಿಗೆ

ಚಂದ್ರಪ್ರಭಾ ಮೇಡಂ ಅವರ ಬಿಸಿಬೇಳೆಬಾತ್ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ರುಚಿ ಇರಲಿಲ್ಲವೆಂದಲ್ಲ. ಅಷ್ಟು ರುಚಿಯಾಗಿ ಮಾಡಿದ್ದೇ ತಪ್ಪಾಯಿತು. ಆ ಊಟದ ದೆಸೆಯಿಂದ ಒಬ್ಬ ಒಳ್ಳೆಯ ಬೌಲರ್ ಕೆಲಸ ಕಳೆದುಕೊಂಡ. ನಗುವವರು ಪೂರ್ತಿ ಕೇಳಿ ಆಮೇಲೆ ನಗಲಿ.

ದಿವಾಕರ ಭದ್ರಾವತಿಯವನು. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ದುಡಿದವರು. ಮಗ ಕಾರ್ಖಾನೆಯ ಮೈದಾನದಲ್ಲಿ ಎಡಗೈ ಸ್ಪಿನ್ ಕಲಿತ. ರಾಜ್ಯದ ತಂಡದ ಬಾಗಿಲವರೆಗೂ ಹೋದ, ಒಳಗೆ ಬಾ ಅನ್ನುವವರು ಇರಲಿಲ್ಲ. ಆಮೇಲೆ ಯಾರೋ ಇಂಗ್ಲೆಂಡಿನ ದಾರಿ ತೋರಿಸಿದರು. ಇಲ್ಲಿ ಉತ್ತರದ ಸಣ್ಣ ಊರುಗಳ ಕ್ಲಬ್ಬುಗಳಲ್ಲಿ ಪ್ಲಂಬರು, ಮೇಷ್ಟರು, ಪೋಸ್ಟ್‌ಮ್ಯಾನ್ ಎಲ್ಲ ಶನಿವಾರ ಖುಷಿಗೆ ಆಡುತ್ತಾರೆ. ಸಂಬಳಕ್ಕೆ ಆಡುವವನು ಒಬ್ಬನೇ. ಅವನಿಗೆ ಪ್ರೊ ಅನ್ನುತ್ತಾರೆ. ಏಪ್ರಿಲ್‌ನಲ್ಲಿ ಬರಬೇಕು, ಸೆಪ್ಟೆಂಬರ್‌ನಲ್ಲಿ ಹೋಗಬೇಕು. ತೊಂಬತ್ತೆಂಟರಿಂದ ದಿವಾಕರ ಹಾಗೆ ಬಂದು ಹೋಗುತ್ತಿದ್ದ. ಒಂದು ಬೇಸಿಗೆ ಲೀಡ್ಸ್ ಹತ್ತಿರ, ಇನ್ನೊಂದು ಬೇಸಿಗೆ ಬರ್ಮಿಂಗ್‌ಹ್ಯಾಮ್ ಆಚೆ. ವಿಕೆಟ್ ತೆಗೆಯದೆ ಹೋದ ವರ್ಷವಿಲ್ಲ, ಆದರೆ ಯಾವ ಕ್ಲಬ್ಬೂ ಅವನನ್ನು ಎರಡನೆಯ ಸಲ ಕರೆಯಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಅವನು ಮ್ಯಾಂಚೆಸ್ಟರಿನ ಉತ್ತರಕ್ಕೆ, ಗುಡ್ಡದ ಬುಡದ ಒಂದು ಊರಿಗೆ ಬಂದ. ನಾನು ಹೋಟೆಲುಗಳಿಗೆ ತರಕಾರಿ ಸಾಗಿಸುವ ವ್ಯಾನ್ ಓಡಿಸುತ್ತಿದ್ದೆ. ಮ್ಯಾಂಚೆಸ್ಟರಿನ ಫಾಲೋಫೀಲ್ಡ್‌ನಲ್ಲಿದ್ದ ನನ್ನ ಮನೆಯಲ್ಲೇ ಒಂದು ಕೋಣೆ ಕೊಟ್ಟೆ. ಶನಿವಾರ ಅವನ ಕಿಟ್ ಬ್ಯಾಗು ಕೊತ್ತಂಬರಿ ಸೊಪ್ಪಿನ ಪೆಟ್ಟಿಗೆಗಳ ನಡುವೆ ಪ್ರಯಾಣ ಮಾಡುತ್ತಿತ್ತು.

"ಮರಿಯಣ್ಣ, ಈ ಊರಲ್ಲಿ ಇನ್ನೊಂದು ಬೇಸಿಗೆ ಸಿಕ್ಕಿದ್ರೆ ಸುಚೇತಾನೂ ಕರ್ಕೊಂಡು ಬರ್ತೀನಿ," ಅಂದಿದ್ದ ಒಂದು ದಿನ. ಎಲ್ಲರಿಗೂ ಮರಿಯಪ್ಪನಾದ ನಾನು ಅವನಿಗೆ ಮರಿಯಣ್ಣ. ಸುಚೇತಾ ಅವನ ಹೆಂಡತಿ. ಮದುವೆಯಾದ ಮೇಲೆ ಒಂದು ಬೇಸಿಗೆಯನ್ನೂ ಅವರು ಒಟ್ಟಿಗೆ ಕಳೆದಿರಲಿಲ್ಲ.

ಅವನ ಬೌಲಿಂಗ್ ನೋಡಿದರೆ ನನ್ನಂಥ ಸಿಡುಕನಿಗೂ ಕಣ್ಣು ತಂಪಾಗುತ್ತಿತ್ತು. ಓಡುತ್ತಿರಲಿಲ್ಲ, ನಾಲ್ಕು ಹೆಜ್ಜೆ ತೇಲಿ ಬರುತ್ತಿದ್ದ. ಕೈಬಿಟ್ಟ ಚೆಂಡು ಮೇಲೇರಿ, ಹಳೆಯ ಗಿರಣಿಯ ಚಿಮಣಿಯ ಪಕ್ಕ ಒಂದು ಗಳಿಗೆ ನಿಂತುಬಿಟ್ಟ ಹಾಗೆ ಕಾಣುತ್ತಿತ್ತು. ಗುಡ್ಡದ ಮೇಲೆ ಕುರಿಗಳು, ಅದರಾಚೆ ಮುಗಿಯಲೊಲ್ಲದ ಜೂನ್ ಸಂಜೆಯ ಬೆಳಕು. ಬ್ಯಾಟ್ಸ್‌ಮನ್ ಮುಂದೆ ಬರಲೋ ಬೇಡವೋ ಅನ್ನುವಷ್ಟರಲ್ಲಿ ಚೆಂಡು ಹೂವಿನ ಹಾಗೆ ಇಳಿದು, ಹಾವಿನ ಹಾಗೆ ತಿರುಗುತ್ತಿತ್ತು. ಬೇಲಿಯ ಬದಿಯ ಮುದುಕರು ಚಪ್ಪಾಳೆ ತಟ್ಟುವುದನ್ನು ಮರೆತು ಕೂತಿರುತ್ತಿದ್ದರು.

ಇಷ್ಟಿದ್ದೂ ಇವನನ್ನು ಯಾಕೆ ಯಾರೂ ಉಳಿಸಿಕೊಳ್ಳುವುದಿಲ್ಲ? ನನಗೆ ಉತ್ತರ ಕೊಟ್ಟವಳು ಕ್ಲಬ್ಬಿನಲ್ಲಿ ಚಹಾ, ಸ್ಯಾಂಡ್‌ವಿಚ್ ನೋಡಿಕೊಳ್ಳುತ್ತಿದ್ದ ಮೇವಿಸ್ ಅನ್ನುವ ಮುದುಕಿ. "ನಿಮ್ಮ ಹುಡುಗ ಮ್ಯಾಚ್ ಮುಗಿದ ತಕ್ಷಣ ಮಾಯ ಆಗ್ತಾನಲ್ಲ, ನಾವೇನು ಕಚ್ತೀವಾ? ಮುಂದಿನ ವರ್ಷದ ಪ್ರೊ ಯಾರು ಅಂತ ಕಮಿಟಿಯವರು ಆಫೀಸಲ್ಲಿ ಕೂತು ತೀರ್ಮಾನ ಮಾಡಲ್ಲ ಕಣಪ್ಪ. ಬಾರಲ್ಲಿ ನಿಂತು ಮಾಡ್ತಾರೆ."

ದಿವಾಕರ ಕುಡಿಯುವವನಲ್ಲ. ಅದು ಅಡ್ಡಿಯೂ ಅಲ್ಲ. ಕಿತ್ತಳೆ ರಸ ಹಿಡಿದು ಒಂದು ಗಂಟೆ ನಿಂತಿದ್ದರೆ ಸಾಕಿತ್ತು. ನಿಲ್ಲುವುದಕ್ಕೆ ನಮ್ಮವರು ಬಿಡಬೇಕಲ್ಲ. ಹೋದ ಊರಲ್ಲೆಲ್ಲ ಕನ್ನಡದ ಒಬ್ಬ ಡಾಕ್ಟರ ಕುಟುಂಬ ಇದ್ದೇ ಇರುತ್ತಿತ್ತು. "ಪಾಪ, ಒಂಟಿ ಹುಡುಗ" ಅಂತ ಶನಿವಾರದ ರಾತ್ರಿ ಊಟ ಅವರ ಮನೆಯಲ್ಲಿ ಕಾಯಂ. ಈ ಊರಿನಲ್ಲಿ ಜಿಪಿ, ಅಂದರೆ ಕುಟುಂಬ ವೈದ್ಯ, ಆಗಿದ್ದ ಡಾಕ್ಟರ್ ರಾಮಮೂರ್ತಿಯವರ ಮನೆ. ಅವರ ಹೆಂಡತಿಯೇ ಚಂದ್ರಪ್ರಭಾ ಮೇಡಂ.

"ಈ ವಾರ ಊಟ ಬೇಡ ಅಂತ ಹೇಳಯ್ಯಾ," ಅಂದೆ.

"ಹೆಂಗ್ ಹೇಳಲಿ ಮರಿಯಣ್ಣ? ಅವರೂ ಉಣ್ದೆ ಕಾಯ್ತಾ ಕೂತಿರ್ತಾರೆ. ತಾಯಿ ಥರ."

"ತಾಯಿಗಾದ್ರೆ ಬೇಡ ಅಂತಿದ್ಯಲ್ಲ?"

ಅವನು ನಕ್ಕು ಕಿಟ್ ಬ್ಯಾಗನ್ನು ವ್ಯಾನಿಗೆ ಏರಿಸಿದ.

ಕೊನೆಯ ಮ್ಯಾಚಿನ ಶನಿವಾರವೇ ಆ ವರ್ಷ ಗಣೇಶನ ಹಬ್ಬ ಬಂತು. ಮಂಜು ಗುಡ್ಡದಿಂದಿಳಿದು ಮೈದಾನದ ಅಂಚಿಗೆ ಬಂದು ನಿಂತಿತ್ತು. ದಿವಾಕರ ಒಂದೇ ತುದಿಯಿಂದ ಕೊನೆಯವರೆಗೂ ಬೌಲ್ ಮಾಡಿ ಎದುರಾಳಿಗಳನ್ನು ಮಲಗಿಸಿಬಿಟ್ಟ. ಪೆವಿಲಿಯನ್ ಮೆಟ್ಟಿಲಲ್ಲಿ ಕ್ಲಬ್ಬಿನ ಛೇರ್ಮನ್ ಫ್ರ್ಯಾಂಕ್ ಅವನ ಬೆನ್ನು ತಟ್ಟಿ, "ಇವತ್ತು ಸ್ವಲ್ಪ ನಿಲ್ಲು, ಮುಂದಿನ ವರ್ಷದ ಮಾತಾಡೋಣ," ಅಂದ. ನಾನು ಪಕ್ಕದಲ್ಲೇ ಇದ್ದೆ. ದಿವಾಕರನ ಮುಖ ದೀಪ ಹಚ್ಚಿದ ಹಾಗಾಯಿತು.

ಅಷ್ಟರಲ್ಲಿ ಕಾರ್ ಪಾರ್ಕಿಗೆ ಮೇಡಂ ಕಾರು ಬಂತು. ರೇಷ್ಮೆ ಸೀರೆಯ ಮೇಲೆ ದಪ್ಪ ಕೋಟು.

"ದಿವಾಕರ, ಬೇಗ ಹತ್ತಪ್ಪ. ಲೀಡ್ಸಿಂದೆಲ್ಲ ಜನ ಬಂದಿದಾರೆ. ನೈವೇದ್ಯ ಆಗಿ ಎಷ್ಟೊತ್ತಾಯ್ತು. ನೀನ್ ಬರದೆ ಯಾರೂ ಎಲೆ ಮುಂದೆ ಕೂರಲ್ಲ."

"ಮೇಡಂ, ಒಂದ್ ಗಂಟೆ ಬಿಟ್ಟು ನಾನೇ ಕರ್ಕೊಂಡ್ ಬರ್ತೀನಿ," ಅಂದೆ.

"ಹಬ್ಬದ ದಿನಾನೂ ಬಾರಾ ಮರಿಯಪ್ಪ? ಆ ಹುಡುಗನ್ನ ಕೆಡಿಸ್ಬೇಡಿ."

ನನ್ನ ನೆತ್ತಿಗೇರಿತು. "ಅವನ ಅನ್ನ ಕಿತ್ಕೊಂಡು ಅನ್ನ ಹಾಕ್ತಿದೀರಿ ನೀವು," ಅಂದುಬಿಟ್ಟೆ.

ಅವರ ಮುಖ ಬಿಳಿಚಿತು. ನಾನು ಇನ್ನೇನು ಬಾಯಿ ತೆರೆಯಬೇಕು, ದಿವಾಕರ ನನ್ನ ತೋಳು ಹಿಡಿದ. "ಬಿಡು ಮರಿಯಣ್ಣ. ಎಲೆ ಹಾಕಿದಾರಂತೆ. ಫ್ರ್ಯಾಂಕ್‌ಗೆ ನಾಳೆ ಫೋನ್ ಮಾಡ್ತೀನಿ." ಕಾರಿನ ಕೆಂಪು ದೀಪಗಳು ಮಂಜಿನೊಳಗೆ ಕರಗಿ ಹೋದವು.

ಬಾರಿಗೆ ನಾನೇ ಹೋದೆ. ಹಬ್ಬ, ಎಲೆ, ನೈವೇದ್ಯ ಎಲ್ಲ ನನ್ನ ಮುರುಕು ಇಂಗ್ಲಿಷಿನಲ್ಲಿ ವಿವರಿಸಿದೆ. ಫ್ರ್ಯಾಂಕ್ ತಾಳ್ಮೆಯಿಂದ ಕೇಳಿದ. "ಚಿನ್ನದಂಥ ಹುಡುಗ," ಅಂದ. "ಆದರೆ ನಮ್ಮ ಜೊತೆ ಇರೋದು ಅವನಿಗೆ ಇಷ್ಟ ಇಲ್ಲ ಅಲ್ವಾ? ಇಷ್ಟ ಇಲ್ಲದವನನ್ನ ಯಾಕೆ ಕಟ್ಟಿಹಾಕೋದು." ಭಾನುವಾರ ದಿವಾಕರ ಫೋನ್ ಮಾಡುವ ಹೊತ್ತಿಗೆ ಒಬ್ಬ ಆಸ್ಟ್ರೇಲಿಯಾದವನ ಹೆಸರು ಗಟ್ಟಿಯಾಗಿತ್ತು.

ವಿಮಾನ ನಿಲ್ದಾಣಕ್ಕೆ ಬಿಡಲು ನಾನೇ ಹೋದೆ. ವ್ಯಾನ್ ಇಳಿಯುವಾಗ, "ಮೇಡಂಗೆ ಈ ವಿಷಯ ಹೇಳ್ಬೇಡ," ಅಂದ. "ಅವರ ಋಣ ನನ್ನಿಂದ ತೀರಲ್ಲ. ಇದನ್ನ ಕೇಳಿದ್ರೆ ಅವರು ಇನ್ಮೇಲೆ ಯಾರ್ಗೂ ಬಡಿಸಲ್ಲ."

ಅವನು ಮತ್ತೆ ಬರಲಿಲ್ಲ. ವಯಸ್ಸಾದ ಪ್ರೊ ಯಾರಿಗೂ ಬೇಡ. ಭದ್ರಾವತಿಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾನೆಂದು ಕೇಳಿದ್ದೇನೆ.

ಹಬ್ಬಹರಿದಿನಕ್ಕೆ ಬರ್ಮಿಂಗ್‌ಹ್ಯಾಮ್ ಹತ್ತಿರದ ಟಿವಿಡೇಲ್‌ನ ಬಾಲಾಜಿ ಗುಡಿಯಲ್ಲಿ ಮೇಡಂ ಸಿಗುತ್ತಾರೆ. ಕಾರ್ ಪಾರ್ಕಿನ ಮಾತನ್ನು ಅವರು ನನ್ನ ಮುಂಗೋಪದ ಲೆಕ್ಕಕ್ಕೆ ಬರೆದು ಮರೆತಿದ್ದಾರೆ. ಹೋದ ಸಲ ಪ್ರಸಾದದ ಸಾಲಿನಲ್ಲಿ ನನ್ನ ಹಿಂದೆಯೇ ನಿಂತಿದ್ದರು.

"ಒಂದ್ ಬೇಸಿಗೆ ಪೂರ್ತಿ ನಮ್ಮನೇಲಿ ಊಟ ಮಾಡ್ದ ನೋಡಿ ಮರಿಯಪ್ಪ. ಆಮೇಲೆ ಒಂದ್ ಫೋನೂ ಇಲ್ಲ. ಈ ಕಾಲದವರಿಗೆ ಅನ್ನದ ಋಣ ಅಂದ್ರೆ ಏನೂಂತ್ಲೇ ಗೊತ್ತಿಲ್ಲ."

ನಿಜ ಸಂಗತಿ ನಾಲಿಗೆಯ ತುದಿಯವರೆಗೂ ಬಂದಿತ್ತು. ತಟ್ಟೆ ಮುಂದೆ ಚಾಚಿ ಪುಳಿಯೋಗರೆ ಹಾಕಿಸಿಕೊಂಡೆ. ಅವರ ತಟ್ಟೆ ಖಾಲಿಯಿತ್ತು, ಅದಕ್ಕೂ ಹಾಕಿಸಿದೆ.